ಓದುವವನೊಬ್ಬ, ಅರ್ಥ ಹೇಳುವವಳೊಬ್ಬಳು

ಸಿಕಂದರನ ಇಂಗ್ಲೀಷು ಅವನ ಬೆರಳುಗಳಲ್ಲಿತ್ತು, ಬಾಯಲ್ಲಿರಲಿಲ್ಲ. ಟೈಪ್‌ರೈಟರಿನ ಮುಂದೆ ಕೂತನೆಂದರೆ ಕಾದ ಹಂಚಿನ ಮೇಲೆ ಜೋಳ ಅರಳಿದಂತೆ ಪಟಪಟ ಸದ್ದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಆದರೆ ಆ ಕಾಗದದಲ್ಲಿ ಯಾರು ಯಾರಿಗೆ ಏನು ಬರೆದಿದ್ದಾರೆ ಎಂದು ಕೇಳಿದರೆ ಅವನು ಕೇಳಿದವರ ಮುಖ ನೋಡುತ್ತಿದ್ದ. ಒಮ್ಮೆ ಹೆಡ್‌ಮಿಸ್ಸು ಕೊಟ್ಟ ನೋಟೀಸೊಂದನ್ನು ಹೀಗೆಯೇ ತಪ್ಪಿಲ್ಲದೆ ಹೊಡೆದು, ಸಹಿ ಮಾಡಿಸಿಕೊಂಡು, "ಯಾರಿಗಿ ಕೊಡ್ಲಿ ಮೇಡಂ?" ಎಂದು ಕೇಳಿದ್ದ. ಅದು ಅವನಿಗೇ ಬರೆದ ನೋಟೀಸು. ದಿನಾ ತಡವಾಗಿ ಬರುತ್ತೀ, ಇನ್ನು ಹೀಗಾದರೆ ಸಂಬಳ ಹಿಡಿಯಲಾಗುವುದು ಎಂಬುದು ಅದರ ಸಾರ. ಈ ಸಂಗತಿಯನ್ನು ಬೇರೆಯವರು ಹೇಳುವ ಮೊದಲೇ ಸಿಕಂದರ ತಾನೇ ಊರಿಗೆಲ್ಲ ಹೇಳಿ ನಗಿಸಿದ್ದ. ತನ್ನನ್ನು ನೋಡಿ ತಾನೇ ಮೊದಲು ನಕ್ಕುಬಿಟ್ಟರೆ ಉಳಿದವರಿಗೆ ನಗಲು ಹೆಚ್ಚೇನೂ ಉಳಿಯುವುದಿಲ್ಲ ಎಂಬುದು ಅವನ ಜಾಣತನ. ಅವನಲ್ಲಿದ್ದ ಜಾಣತನ ಅದೊಂದೇ ಎಂದು ಅವನ ತಾಯಿ ಹಮೀದಾಬೇಗಂ ಹೇಳುತ್ತಿದ್ದಳು.

ಇದು ಎಂಬತ್ತಾರನೇ ಇಸವಿಯ ಮಾತು. ಆಳಂದದಲ್ಲಿ ಆಗಷ್ಟೇ ಒಂದು ಕಾನ್ವೆಂಟು ಶುರುವಾಗಿತ್ತು. ಬೇಳೆ ಮಿಲ್ಲಿನ ದೌಲತರಾಯರು ತಮ್ಮ ಹಳೆಯ ತೊಗರಿ ಗೋದಾಮನ್ನು ಖಾಲಿ ಮಾಡಿಸಿ, ನಡುನಡುವೆ ಗೋಡೆ ಎಬ್ಬಿಸಿ, ಸುಣ್ಣ ಹೊಡೆಸಿ, ಬಾಗಿಲ ಮೇಲೆ ಇಂಗ್ಲೀಷು ಬೋರ್ಡು ಹಾಕಿಸಿದ್ದರು. ಮೋಡ ಕವಿದ ದಿನ ಎಲ್‌ಕೆಜಿ ಕೋಣೆಯಲ್ಲಿ ಇನ್ನೂ ತೊಗರಿ ಹೊಟ್ಟಿನ ವಾಸನೆ ಏಳುತ್ತಿತ್ತು. ಸಿಕಂದರ ಅಲ್ಲಿ ಕ್ಲಾರ್ಕು. ಗೌರಾಬಾಯಿ ಅಲ್ಲಿ ಆಯಾ: ಮಕ್ಕಳ ಮೂಗು ಒರೆಸುವುದು, ಉಚ್ಚೆ ಹೊಯ್ದುಕೊಂಡವರ ಚಡ್ಡಿ ಬದಲಿಸುವುದು, ಅಳುವ ಕೂಸನ್ನು ಸೊಂಟಕ್ಕೇರಿಸಿಕೊಂಡು ಗೇಟಿನ ತನಕ ಹೋಗಿ ಬರುವುದು ಅವಳ ಕೆಲಸ. ನಲವತ್ತು ದಾಟಿದ ಹೆಂಗಸು. ಹಣೆಗೆ ವಿಭೂತಿ, ಇಳಕಲ್ ಸೀರೆ, ನಡೆಯುವಾಗ ಸ್ವಲ್ಪ ಬಲಕ್ಕೆ ವಾಲುವ ನಡಿಗೆ. ಸದಾ ಸೊಂಟದ ಮೇಲೊಂದು ಕೂಸಿದ್ದವರ ನಡಿಗೆ ಅದು, ಕೂಸಿಲ್ಲದಾಗಲೂ ಹಾಗೆಯೇ ಇರುತ್ತದೆ.

ದೀಪಾವಳಿ ಮುಗಿದ ವಾರ ಪಾಲಕರೊಬ್ಬರು ಬಂದು ದೌಲತರಾಯರ ಮುಂದೆ ಕುರ್ಚಿ ಎಳೆದುಕೊಂಡು ಕೂತರು. "ಫೀಸು ಇಂಗ್ಲೀಷಿಂದು ತಗೋತೀರಿ ಸಾವ್ಕಾರ್ರ, ಮಾತು ನಮ್ಮ ಓಣ್ಯಾಂದ ಆಡ್ತೀರಿ. ಇದನ್ನ ಕೇಳಾಕ ನಾ ನನ್ನ ಮಗನ್ನ ಬೂಟು ಹಾಕಿ ಕಳಿಸ್ಬೇಕೇನು?"

ಮರುದಿನವೇ ದೌಲತರಾಯರು ಎಲ್ಲರನ್ನೂ ವರಾಂಡದಲ್ಲಿ ಸೇರಿಸಿದರು. "ಸಂಕ್ರಾಂತಿ ಆದ ಮ್ಯಾಲ ಹೈದರಾಬಾದಿಂದ ಒಬ್ರು ಸಾಹೇಬ್ರು ಬರ್ತಾರ. ಇಂಗ್ಲೀಷ್ ಮಾತಾಡೂ ಪರೀಕ್ಷಾ ತಗೋತಾರ. ಪಾಸಾದವರಿಗಿ ಸರ್ಟಿಫಿಕೇಟ್ ಕೊಡ್ತಾರ. ಟೀಚರ್ ಆಗ್ಲಿ, ಜವಾನ ಆಗ್ಲಿ, ಗೇಟಿನಾಗ ಕಾಲಿಟ್ಟವರೆಲ್ಲ ಕುಂದ್ರಬೇಕು. ಏನರ ಕೇಳೂದದ ಏನು?"

ಹಿಂದಿನಿಂದ ಗೌರಾಬಾಯಿ ಕೇಳಿದಳು.

"ಸಾವ್ಕಾರ್ರ, ನಾ ಪಾಸಾದ್ರ ಎಲ್‌ಕೆಜಿ ನನಗ ಕೊಡ್ತೀರೇನು?"

ಎಲ್‌ಕೆಜಿ ಟೀಚರು ಮದುವೆಯಾಗಿ ಜೇವರ್ಗಿಗೆ ಹೋಗಿ ತಿಂಗಳಾಗಿತ್ತು. ಆ ತರಗತಿಯನ್ನು ಹೆಡ್‌ಮಿಸ್ಸು ಅರ್ಧ, ಗೌರಾಬಾಯಿ ಅರ್ಧ ಹಿಡಿದುಕೊಂಡು ನಡೆಸುತ್ತಿದ್ದರು. ದೌಲತರಾಯರು ಮೊದಲು ನಕ್ಕರು. ಎಲ್ಲರೂ ನಕ್ಕಿದ್ದಾರೆಯೇ ಎಂದು ನೋಡಿಕೊಂಡರು. ಆಮೇಲೆ ಅವಳು ನಗದೆ ನಿಂತಿದ್ದು ಕಣ್ಣಿಗೆ ಬಿತ್ತು.

"ನೀ ಮೆಟ್ರಿಕ್ ಆಗೀದೇನು?"

"ಮನ್ಯಾಗ ಕುಂತು ಪರೀಕ್ಷಾ ಕಟ್ಟೀನ್ರಿ. ಇಂಗ್ಲೀಷಿನಾಗ ಎರಡು ಸಲ ಹೋಯ್ತು, ಮೂರನೇ ಸಲಕ್ಕ ಬಂತು."

"ಆಯ್ತು. ಪಾಸಾದ್ರ ಎಲ್‌ಕೆಜಿ ನಿಂದ. ಆಗಲಿಲ್ಲಂದ್ರ ಈ ಮಾತು ಮತ್ತ ನನ್ನ ಮುಂದ ಎತ್ತಂಗಿಲ್ಲ. ಎಲ್ಲಾರೂ ಕೇಳ್ರಿ ಮತ್ತ."

ಎಲ್ಲರೂ ಕೇಳಿದರು. ಸಿಕಂದರನೂ ಕೇಳಿದ. ಈ ಹೆಂಗಸು ಇಷ್ಟು ಮಂದಿಯೆದುರು ತನ್ನ ಆಸೆಯನ್ನು ಬಿಚ್ಚಿಟ್ಟು ಒಂದಿಷ್ಟೂ ನಾಚಲಿಲ್ಲವಲ್ಲ ಎಂದು ಅವನಿಗೆ ಅವತ್ತೇ ಒಂದು ನಮೂನೆ ಎನಿಸಿತು. ಅವನಿಗೂ ಆಸೆಗಳಿದ್ದವು. ಆದರೆ ಅವನ್ನು ಯಾರಾದರೂ ನೋಡಿಬಿಟ್ಟಾರೆಂದು ಅವನು ತಮಾಷೆಯ ಬಟ್ಟೆ ಹೊದಿಸಿ ಇಟ್ಟಿದ್ದ.

ಗೌರಾಬಾಯಿಯ ತವರು ಅಫಜಲಪುರ ತಾಲೂಕಿನಲ್ಲಿ, ಭೀಮಾನದಿಯ ದಂಡೆಯ ಒಂದು ಹಳ್ಳಿ. ಅಲ್ಲಿನ ಮಠದಲ್ಲಿ ಶ್ರಾವಣ ಬಂತೆಂದರೆ ತಿಂಗಳಿಡೀ ಪುರಾಣ. ಪುರಾಣಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸುತ್ತಾರೆ. ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ. ಓದುವವರಿಗೆ ಅರ್ಥದ ಹಂಗಿಲ್ಲ. ಅರ್ಥ ಹೇಳುವವರ ಮುಂದೆ ಪುಸ್ತಕವಿರುವುದಿಲ್ಲ. ಅವಳ ತಂದೆ, ದೊಡ್ಡಪ್ಪ ಎಂದು ಹೆಸರು, ಅರ್ಥ ಹೇಳುವವರು. ಒಂದು ಪದ್ಯಕ್ಕೆ ಹೊಲ, ಮನೆ, ಅತ್ತೆ, ಸೊಸೆ, ಸಂತೆಯ ಮೋಸ, ಎತ್ತಿನ ನಂಬಿಕೆ ಎಲ್ಲವನ್ನೂ ತಂದು ಸೇರಿಸಿ, ಕೇಳುತ್ತಿದ್ದವರು ಅಳುವ ಹೊತ್ತಿಗೆ ನಗಿಸಿ, ನಗುವ ಹೊತ್ತಿಗೆ ನಿಲ್ಲಿಸಿ, "ಉಳಿದದ್ದು ನಾಳೆಗೆ" ಎಂದು ಕೈಮುಗಿಯುತ್ತಿದ್ದರು. ಒಂದು ಶ್ರಾವಣದಲ್ಲಿ ಅವರ ಗಂಟಲು ಕಟ್ಟಿತು. ಓದುವ ಹಣಮಂತರಾಯರು ಪದ್ಯ ಮುಗಿಸಿ ನಿಲ್ಲಿಸಿದರು. ದೊಡ್ಡಪ್ಪ ಬಾಯಿ ತೆರೆದರೆ ಗಾಳಿಯಷ್ಟೇ ಬಂತು. ಮಠದ ತುಂಬ ಮಂದಿ. ಆಗ ಹೆಂಗಸರು ಕೂತಿದ್ದ ಕಡೆಯಿಂದ ಅರ್ಥ ಕೇಳಿಬಂತು. ಗೌರಾಬಾಯಿಗೆ ಆಗ ಇನ್ನೂ ಲಗ್ನವಾಗಿರಲಿಲ್ಲ. ಹಣಮಂತರಾಯರು ಕಕ್ಕಾಬಿಕ್ಕಿಯಾಗಿ ಮಠದ ಸ್ವಾಮಿಗಳಾದ ಅಜ್ಜನವರ ಮುಖ ನೋಡಿದರು. ಅಜ್ಜನವರು ಕಣ್ಣುಮುಚ್ಚಿ ಕೇಳುತ್ತಿದ್ದವರು ಕಣ್ಣು ತೆರೆಯದೆಯೇ, "ಮುಂದಿಂದು ಓದ್ರಿ" ಎಂದರು. ಆ ತಿಂಗಳು ಪೂರ್ತಿ ಅವಳೇ ಅರ್ಥ ಹೇಳಿದಳು.

ಮುಂದೆ ಲಗ್ನವಾಗಿ ಆಳಂದಕ್ಕೆ ಬಂದಳು. ಗಂಡ ಧಾನ್ಯದ ಅಡತಿ ಅಂಗಡಿಯಲ್ಲಿ ತೂಕ ಮಾಡುವವನು, ಒಳ್ಳೆಯವನು, ಮಾತು ಕಡಿಮೆ. ಓದುವವರಿಲ್ಲದ ಊರಿನಲ್ಲಿ ಅರ್ಥ ಹೇಳುವವಳ ಬಾಯಿಗೆ ಕೆಲಸವಿಲ್ಲದೆ ವರುಷಗಳು ಹೋದವು.

ಪರೀಕ್ಷೆಯ ಮಾತು ಬಂದ ಸಂಜೆ ಅವಳು ಆಫೀಸಿನ ಬಾಗಿಲಲ್ಲಿ ನಿಂತು, "ತಮ್ಮಾ ಸಿಕಂದರ, ನಿನಗ ಇಂಗ್ಲೀಷ್ ಓದಾಕ ಬರ್ತದಲ್ಲ?" ಎಂದಳು.

"ಓದಾಕ ಬರ್ತದ ಅಕ್ಕಾರ. ತಿಳೀತದಂತ ಮಾತ್ರ ಆಣಿ ಮಾಡಂಗಿಲ್ಲ."

"ತಿಳಿಯೂದು ನನಗ ಬಿಡು. ಕೇಳಿದ್ರ ತಿಳೀತದ, ಬಾಯಿಬಿಟ್ಟು ಓದಾಕ ನಾಲಿಗಿ ಹೊರಳಂಗಿಲ್ಲ. ನೀ ಓದು. ನಾ ಅರ್ಥ ಹೇಳ್ತೇನಿ."

ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಿಂದ ಸಿಕಂದರ ಒಂದು ಗೈಡು ತರಿಸಿದ. ಅದರಲ್ಲಿ ಪ್ರಶ್ನೆಗಳೂ ಇದ್ದವು, ಅವಕ್ಕೆ ಬೇಯಿಸಿಟ್ಟ ಉತ್ತರಗಳೂ ಇದ್ದವು. ನಿಮ್ಮ ಹವ್ಯಾಸವೇನು? ಒಳ್ಳೆಯ ಪುಸ್ತಕಗಳನ್ನು ಓದುವುದು. ನಿಮ್ಮ ಮುಂದಿನ ಯೋಜನೆ ಏನು? ಡಾಕ್ಟರಾಗಿ ಹಳ್ಳಿಯ ಬಡಜನರ ಸೇವೆ ಮಾಡುವುದು. ಶಾಲೆ ಬಿಟ್ಟ ಮೇಲೆ ಇಬ್ಬರೂ ವರಾಂಡದಲ್ಲಿ ಎದುರುಬದುರು ಕೂರುತ್ತಿದ್ದರು. ಸಿಕಂದರ ಒಂದು ಸಾಲು ಇಂಗ್ಲೀಷನ್ನು ಗಟ್ಟಿಯಾಗಿ ಓದಿ ನಿಲ್ಲಿಸುವನು. ಗೌರಾಬಾಯಿ ಗೋಡೆಗೊರಗಿ, ಕಣ್ಣನ್ನು ಅಂಗಳದ ಬೇವಿನ ಗಿಡಕ್ಕೆ ನೆಟ್ಟು, ಅರ್ಥ ಬಿಚ್ಚುವಳು.

"ಫ್ಯೂಚರ್ ಪ್ಲಾನ್ ಅಂದ್ರ ಏನ್ರಿ ಅಕ್ಕಾರ?"

"ರಾಶಿ ಮನಿಗಿ ಬಂದ ದಿನ ಹೆಣ್ಮಕ್ಕಳು ಏನ್ ಮಾಡ್ತಾರ? ಉಣ್ಣಾಕ ತೆಗಿಯೂಕಿಂತ ಮೊದಲ ಬೀಜಕ್ಕಂತ ಒಂದು ಮಡಿಕ್ಯಾಗ ತೆಗೆದಿಡ್ತಾರ. ಹೊಟ್ಟಿ ಹಸಿದ್ರೂ ಅದನ್ನ ಮುಟ್ಟಂಗಿಲ್ಲ. ಆ ಮಡಿಕಿ ನೋಡಿದಾಗೆಲ್ಲ ಮುಂದಿನ ಮಳಿ ನೆನಪಾಗ್ತದ. ಅದು ಪ್ಲಾನ್."

ಸಿಕಂದರ ಈ ಎರಡು ಪದಗಳನ್ನು ಅದೆಷ್ಟೋ ಸಲ ಟೈಪು ಮಾಡಿದ್ದ. ಅವುಗಳೊಳಗೆ ಇಷ್ಟು ಜೋಳ ಇದ್ದೀತೆಂದು ಅವನಿಗೆ ಗೊತ್ತಿರಲಿಲ್ಲ. ಅವತ್ತು ಅವನು ಮುಂದಿನ ಸಾಲು ಓದುವುದನ್ನೇ ಮರೆತ.

ಅದೇ ಶಾಲೆಯಲ್ಲಿದ್ದ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬರುತ್ತಿದ್ದ ಹಮೀದಾಬೇಗಂ ಕೆಲವೊಮ್ಮೆ ನಿಂತು ಕೇಳುತ್ತಿದ್ದಳು. "ಕ್ಯಾ ರೇ ಸಿಕಂದರ, ನೀನೊಂದು ಸಾಲು ಅಂತೀ, ಗೌರಾಬಾಯಿ ಒಂದು ಊರು ಅಂತಾಳ. ನಿಮ್ಮಿಬ್ರದೂ ಸೇರಿ ಒಂದ ಇಂಗ್ಲೀಷೇನು?"

"ಹೌದ ಬೇ ಅಮ್ಮಾ," ಎಂದ ಸಿಕಂದರ. "ಪಾಲುದಾರಿ ಇಂಗ್ಲೀಷು."

ಮೂವರೂ ನಕ್ಕರು. ಇದರಲ್ಲೊಂದು ಅಪಾಯವಿದೆಯೆಂದು ಮೂವರಿಗೂ ಹೊಳೆಯಲಿಲ್ಲ. ಗೈಡು ಮುಗಿಯಿತು. ಸಿಕಂದರ ಅಷ್ಟೂ ಪ್ರಶ್ನೋತ್ತರಗಳನ್ನು ನೀರು ಕುಡಿದಂತೆ ಓದಬಲ್ಲವನಾದ. ಗೌರಾಬಾಯಿ ಯಾವ ಸಾಲು ಕಿವಿಗೆ ಬಿದ್ದರೂ ಅದರ ಒಳಹೊರಗನ್ನೆಲ್ಲ ಹೇಳಬಲ್ಲವಳಾದಳು. ಕೊನೆಯ ದಿನಗಳಲ್ಲಿ ಅವನು ಇನ್ನೊಂದು ಹಟ ಹಿಡಿದ: ಅರ್ಥವನ್ನು ಕನ್ನಡದಲ್ಲಿ ಬೇಡ, ಇಂಗ್ಲೀಷಿನಲ್ಲೇ ಹೇಳಬೇಕು. ಅವಳು ತನಗೆ ಸಿಕ್ಕ ಇಂಗ್ಲೀಷು ಪದಗಳನ್ನು, ಸೌದೆ ಕಡಿಮೆಯಿದ್ದಾಗ ಕಡ್ಡಿ ಪುರಳೆ ಆಯ್ದು ಒಲೆ ಹಚ್ಚಿದಂತೆ, ಒಂದಕ್ಕೊಂದು ತಾಗಿಸಿ ಹೇಳಲು ಕಲಿತಳು. ಬೆಂಕಿಯೇನೋ ಹತ್ತುತ್ತಿತ್ತು. ಆದರೆ ಮೊದಲು ಅವನು ಓದಬೇಕಿತ್ತು.

ಪರೀಕ್ಷೆಯ ದಿನ ಬಂತು. ಸಾಹೇಬರು ವಯಸ್ಸಾದವರು, ಬೂದು ಬಣ್ಣದ ಕೋಟು, ಕೈಯಲ್ಲಿ ಕೊಡೆ. ಎಲ್‌ಕೆಜಿ ಕೋಣೆಯಲ್ಲಿ ಅವರಿಗೆ ಮೇಜು ಹಾಕಿತ್ತು. ಕೋಣೆಗೆ ವರಾಂಡದ ಕಡೆಗೊಂದು ದೊಡ್ಡ ಕಿಟಕಿ, ಗೋದಾಮಿನ ಕಾಲದ್ದು, ಬಾಗಿಲಿಲ್ಲ. ಒಳಗಾಡಿದ್ದೆಲ್ಲ ಹೊರಗೆ ಕೇಳುತ್ತಿತ್ತು. ಸಂಜೆಯ ಗುಲ್ಬರ್ಗಾ ಬಸ್ಸಿಗೆ ಅವರು ಹೊರಡಬೇಕು ಎಂದು ದೌಲತರಾಯರು ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದರು.

ಆಳಂದದಲ್ಲಿ ಆ ಗೈಡು ತರಿಸಿದವನು ಸಿಕಂದರ ಒಬ್ಬನೇ ಆಗಿರಲಿಲ್ಲ. ಮೊದಲು ಒಳಹೋದ ಟೀಚರು ಡಾಕ್ಟರಾಗಿ ಹಳ್ಳಿಯ ಬಡಜನರ ಸೇವೆ ಮಾಡುವುದಾಗಿ ಹೇಳಿದಳು. ಎರಡನೆಯವಳೂ ಡಾಕ್ಟರಾದಳು. ಶಾಲೆಯ ಡ್ರಿಲ್ ಮಾಸ್ತರರು, ನಿವೃತ್ತಿಗೆ ಬಂದವರು, ಎದೆಯುಬ್ಬಿಸಿ ಸಾವಧಾನ್ ನಿಂತು ತಾವೂ ಡಾಕ್ಟರಾಗುವುದಾಗಿ ಸಾರಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಈ ಊರಿನಲ್ಲಿ ಕಾಯಿಲೆ ಜಾಸ್ತಿಯೇ ಎಂದು ಇಂಗ್ಲೀಷಿನಲ್ಲಿ ವಿಚಾರಿಸಿದರು. ಮಾಸ್ತರರು, "ಥ್ಯಾಂಕ್ಯೂ ಸರ್" ಎಂದರು.

ಸಿಕಂದರನ ಸರದಿ ಬಂತು. ಅವನು ಒಳಹೋಗಿ ಕೂತ. ಅವನ ಕೈ ತಾನಾಗಿ ಗೈಡಿಗಾಗಿ ತಡಕಿತು. ಗೈಡು ಹೊರಗಿತ್ತು. ಎದುರಿಗೆ ಹಾಳೆಯಿಲ್ಲ. ಹಾಳೆಯಿಲ್ಲದೆ ತನಗೆ ಓದಲು ಬರುವುದಿಲ್ಲ ಎಂಬ ಸತ್ಯ ಅವನಿಗೆ ತಿಳಿದದ್ದು ಆಗ.

ಸಾಹೇಬರು ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದರು: ನೀನು ಏನನ್ನು ಓದುತ್ತೀ?

ಸಿಕಂದರ ಪಕ್ಕಕ್ಕೆ ತಿರುಗಿದ. ಇಷ್ಟು ದಿನವೂ ಅರ್ಥ ಆ ಕಡೆಯಿಂದಲೇ ಬರುತ್ತಿತ್ತು. ಅಲ್ಲಿ ಸುಣ್ಣದ ಗೋಡೆಯಿತ್ತು. ಗೋಡೆ ಏನೂ ಹೇಳಲಿಲ್ಲ. ಗಾಬರಿಯಲ್ಲಿ ಅವನ ಬಾಯಿಗೆ ಮೊದಲು ಸಿಕ್ಕ ಉತ್ತರವೇ ಹೊರಬಿತ್ತು: ತಾನು ಡಾಕ್ಟರಾಗಿ ಹಳ್ಳಿಯ ಬಡಜನರ ಸೇವೆ ಮಾಡುತ್ತೇನೆ. ಅಷ್ಟಕ್ಕೂ ನಿಲ್ಲದೆ, ಕಾಗದ ಮುಗಿಸಿ ಮುಗಿಸಿ ಬೆರಳುಗಳಿಗಾಗಿದ್ದ ರೂಢಿ ನಾಲಿಗೆಗೂ ಹತ್ತಿ, "ಯುವರ್ಸ್ ಫೇತ್‌ಫುಲಿ, ಸರ್" ಎಂದೂ ಸೇರಿಸಿದ.

ಹೊರಗೆ ಬಂದವನೇ ಗೌರಾಬಾಯಿಯ ಹತ್ತಿರ ಹೋದ. "ಅಕ್ಕಾರ, ಕೆಲಸ ಕೆಟ್ಟದ," ಎಂದು ಪಿಸುಗುಟ್ಟಿದ. "ಒಬ್ಬೊಬ್ಬರನ್ನ ಒಳಗ ಕರಿತಾರ. ನಾವು ಇಬ್ರೂ ಸೇರಿ ಒಂದ ಕಲ್ತೀವಿ. ನಾ ಬರೀ ಬಾಯಿ. ಬಾಯಿ ಹೋಗಿ ಬಂತು. ನೀವು ಬರೀ ಅರ್ಥ. ಒಳಗ ಓದೂವರು ಯಾರೂ ಇಲ್ಲ."

ಗೌರಾಬಾಯಿ ಸೆರಗು ಸರಿಮಾಡಿಕೊಂಡಳು. "ನೋಡೂಣು ತಡಿ," ಎಂದು ಒಳಹೋದಳು.

ಹೆಸರು ಹೇಳಿದಳು. ಊರು ಹೇಳಿದಳು. ಆಮೇಲೆ ಅದೇ ಪ್ರಶ್ನೆ: ನೀವು ಏನನ್ನು ಓದುತ್ತೀರಿ?

ಸಿಕಂದರ ಕಿಟಕಿಯ ಪಕ್ಕದ ಗೋಡೆಗೆ ಕಿವಿ ಹಚ್ಚಿ ನಿಂತಿದ್ದ. ಅವಳಿಗೆ ಪ್ರಶ್ನೆ ತಿಳಿದಿದೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಬಹುಶಃ ಆ ಪ್ರಶ್ನೆಯನ್ನು ಅವಳಷ್ಟು ತಿಳಿದುಕೊಂಡವರು ಬೇರೆ ಯಾರೂ ಇರಲಿಲ್ಲ. ಓದುವ ಕೆಲಸ ಎಂದೂ ಅವಳದಾಗಿರಲಿಲ್ಲ, ಅದಕ್ಕೇ ಬಾಯಿ ಕಟ್ಟಿತ್ತು. ಸಾಹೇಬರು ಮತ್ತೊಮ್ಮೆ ಕೇಳಿದರು. ಪೆನ್ಸಿಲ್ಲಿನಿಂದ ಮೇಜಿನ ಮೇಲೆ ಮೆಲ್ಲಗೆ ಬಡಿದರು. ಆ ಬಡಿತ ಸಿಕಂದರನ ಎದೆಗೇ ಬೀಳುತ್ತಿತ್ತು. ತಾನು ಬಿದ್ದಾಗ ಅವನಿಗೆ ಇಷ್ಟು ನೋವಾಗಿರಲಿಲ್ಲ. ಬೀಳುವುದು ಅವನಿಗೆ ರೂಢಿ. ಇವಳು ಬಿದ್ದರೆ ಎಲ್‌ಕೆಜಿಯ ಮಾತನ್ನು ಮತ್ತೆಂದೂ ಎತ್ತುವಂತಿಲ್ಲ.

ಆಗ ಗೌರಾಬಾಯಿಯ ದನಿ ಕೇಳಿತು. ಕೇಳಿಕೊಳ್ಳುವ ದನಿಯಲ್ಲ, ಮಠದಲ್ಲಿ ಓದುವವರಿಗೆ ಹೇಳುವ ದನಿ.

"ಸರ್. ಯು ರೀಡ್. ಐ ಟೆಲ್."

"ಏನು?" ಎಂದರು ಸಾಹೇಬರು ಇಂಗ್ಲೀಷಿನಲ್ಲಿ.

ಅವಳು ಮೇಜಿನ ಮೇಲಿದ್ದ ಹೆಡ್‌ಮಿಸ್ಸಿನ ಪುಸ್ತಕಗಳಲ್ಲೊಂದನ್ನು ಎತ್ತಿ ಎರಡೂ ಕೈಯಿಂದ ಅವರ ಮುಂದೆ ಹಿಡಿದಳು. "ಯು ರೀಡ್, ಸರ್. ಒನ್ ಲೈನ್. ದೆನ್ ಸ್ಟಾಪ್. ಐ ಟೆಲ್."

ಇಡೀ ದಿನ ಡಾಕ್ಟರುಗಳನ್ನು ಕಂಡು ದಣಿದಿದ್ದ ಸಾಹೇಬರಿಗೆ ಏನೆನಿಸಿತೋ, ಪುಸ್ತಕ ತೆಗೆದುಕೊಂಡರು. ಸಿಕ್ಕ ಪುಟ ಬಿಡಿಸಿದರು. ಓದಿದರು. ಸಮುದ್ರದ ದಂಡೆಯಲ್ಲಿ ಒಂದು ಎತ್ತರದ ಗೋಪುರವಿತ್ತು. ಅದರಲ್ಲಿದ್ದ ಒಬ್ಬ ಮನುಷ್ಯ ದಿನಾ ಸಂಜೆ ಮೆಟ್ಟಿಲೇರಿ ದೀಪ ಹಚ್ಚುತ್ತಿದ್ದ, ಹಡಗುಗಳಿಗಾಗಿ. ಓದಿ ನಿಲ್ಲಿಸಿದರು.

ಗೌರಾಬಾಯಿ ಕಣ್ಣನ್ನು ಕಿಟಕಿಯಾಚೆಯ ಬೇವಿನ ಗಿಡಕ್ಕೆ ನೆಟ್ಟಳು.

"ಒನ್ ಮ್ಯಾನ್, ಸರ್. ನೋ ವೈಫ್. ನೋ ಚಿಲ್ಡ್ರನ್. ಓನ್ಲಿ ಲ್ಯಾಂಪ್."

ಹೆಂಡತಿಯಿಲ್ಲ ಎಂದು ಪುಸ್ತಕದಲ್ಲಿಲ್ಲವಲ್ಲ, ಎಂದರು ಸಾಹೇಬರು.

"ಯೆಸ್ ಸರ್. ಬುಕ್ ನಾಟ್ ಸೇ. ಬಟ್ ಈವನಿಂಗ್ ಹೀ ಗೋ ಅಪ್, ಅಪ್. ಹೂ ಕಾಲ್ ಹಿಮ್, ಕಮ್, ಈಟ್? ನೋಬಡಿ ಕಾಲ್."

ಸಾಹೇಬರು ಪುಸ್ತಕದ ಪುಟವನ್ನೊಮ್ಮೆ ನೋಡಿದರು. ಆ ಪುಟದಲ್ಲಿ ನಿಜವಾಗಿಯೂ ಯಾರೂ ಅವನನ್ನು ಊಟಕ್ಕೆ ಕರೆದಿರಲಿಲ್ಲ. ಅವರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಮುಂದಿನ ಸಾಲು ಓದಿದರು. ಗಾಳಿ ಜೋರಾಗಿತ್ತು, ಆದರೂ ಅವನು ದೀಪ ಹಚ್ಚಿದ. ನಿಲ್ಲಿಸಿದರು.

ಅವಳು ಶುರುಮಾಡಿದಳು. ಸಮುದ್ರ ನಾನು ನೋಡಿಲ್ಲ ಸರ್, ಹೊಳೆ ನೋಡಿದ್ದೇನೆ. ಭೀಮೆ. ಶ್ರಾವಣದಲ್ಲಿ ಈ ದಂಡೆಯಿಂದ ಆ ದಂಡೆ ಕಾಣುವುದಿಲ್ಲ. ನಮ್ಮೂರಲ್ಲಿ ಗುಡುಸಾಬ ಅಂತ ಹರಿಗೋಲು ಹಾಕುವವನಿದ್ದ. ಕತ್ತಲಾದ ಮೇಲೆ ಹರಿಗೋಲು ಬಿಡುವ ಹಾಗಿಲ್ಲ. ಆದರೂ ಅವನು ದಿನಾ ದಂಡೆಯ ಗಿಡಕ್ಕೆ ಕಂದೀಲು ಕಟ್ಟುತ್ತಿದ್ದ. ಯಾರೂ ಬರುವುದಿಲ್ಲವಲ್ಲೋ, ಎಣ್ಣೆ ಯಾಕೆ ಸುಡುತ್ತೀ ಎಂದರೆ, ಬರುವವರಿಗಲ್ಲ, ಆಚೆ ನಿಂತು ಬರಲಾರದವರಿಗೆ, ಎನ್ನುತ್ತಿದ್ದ. ನಾಳೆ ಬೆಳಗಾದರೆ ದಾಟಿಸುವವನೊಬ್ಬ ಈಚೆಗಿದ್ದಾನೆ ಎಂದು ಅವರಿಗೆ ತಿಳಿದರೆ ಸಾಕು.

ಇಷ್ಟನ್ನೂ ಅವಳು ಹೇಳಿದ್ದು ಇಂಗ್ಲೀಷಿನಲ್ಲಿ. ಎಂಥ ಇಂಗ್ಲೀಷು! ಕಾಲಗಳು ಒಂದರ ಮೇಲೊಂದು ಬಿದ್ದಿದ್ದವು, ಗಂಡು ಹೆಣ್ಣು ಅದಲುಬದಲಾಗಿತ್ತು, ಕಂದೀಲಿಗೆ ಪದ ಸಿಗದೆ ಕಂದೀಲು ಕಂದೀಲಾಗಿಯೇ ಉಳಿದಿತ್ತು. ಆದರೆ ಎಲ್ಲಿಯೂ ಕತೆಯ ಕಾಲು ಜಾರಲಿಲ್ಲ. ಪದ ಸಿಗದ ಕಡೆ ಅವಳ ಕೈ ಎದ್ದು ಗಾಳಿಯಲ್ಲಿ ಹರಿಗೋಲು ತಿರುಗಿಸುತ್ತಿತ್ತು. ದನಿ ಒಮ್ಮೆ ಹೊಳೆಯಾಗುತ್ತಿತ್ತು, ಒಮ್ಮೆ ದಂಡೆಯಾಗುತ್ತಿತ್ತು. ಸಾಹೇಬರು ಒಂದು ಸಾಲು ಓದುವರು, ನಿಲ್ಲಿಸುವರು. ಅವಳು ಆ ಸಾಲನ್ನು ಎತ್ತಿಕೊಂಡು ಹೊಳೆಗಿಳಿಯುವಳು. ಓದುವಾಗ ಸಾಹೇಬರ ದನಿಯಲ್ಲೂ ಸಣ್ಣಗೊಂದು ರಾಗ ಸೇರಿಕೊಂಡಿತ್ತು. ಅದು ಅವರಿಗೆ ಗೊತ್ತಾಗಿರಲಿಲ್ಲ.

ಸಿಕಂದರ ಹಿಂದೆ ತಿರುಗಿ ನೋಡಿದ. ವರಾಂಡದ ತುಂಬ ಮಂದಿ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು, ಟೀಚರುಗಳು, ಡ್ರಿಲ್ ಮಾಸ್ತರರು, ಚಹಾ ತಂದ ಹೋಟೆಲಿನವನು. ಎಲ್ಲರೂ ನೆಲದ ಮೇಲೆ ಕೂತಿದ್ದರು, ಯಾರೂ ಕೂರಿಸಿರಲಿಲ್ಲ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಓಡಾಡಲು ದಾರಿ. ಅರ್ಧಕ್ಕರ್ಧ ಮಂದಿಗೆ ಇಂಗ್ಲೀಷು ಬರುತ್ತಿರಲಿಲ್ಲ. ಹಮೀದಾಬೇಗಂ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದಳು. ಬಸ್ಸಿನ ಹೊತ್ತಾಯಿತೆಂದು ಹೇಳಲು ಬಂದ ದೌಲತರಾಯರು ಚಪ್ಪಲಿ ಬಿಟ್ಟು ಗೋಡೆಗೊರಗಿ ನಿಂತಿದ್ದರು. ಚಪ್ಪಲಿ ಯಾಕೆ ಬಿಟ್ಟೆನೆಂದು ಅವರನ್ನು ಕೇಳಿದ್ದರೆ ಅವರಿಗೂ ಗೊತ್ತಿರುತ್ತಿರಲಿಲ್ಲ.

ಒಳಗೆ ಭೀಮೆ ಏರುತ್ತಿತ್ತು. ಮಳೆ, ಗಾಳಿ, ಕಂದೀಲು ಗಿಡದಲ್ಲಿ ಹೊಯ್ದಾಡುತ್ತಿದೆ. ಆಗ ಆಚೆ ದಂಡೆಯಿಂದ ಒಂದು ಕೂಗು. ಯಾರೋ ಕೂಗುತ್ತಿದ್ದಾರೆ. ಗುಡುಸಾಬ ಎದ್ದು ನಿಂತ. ಹರಿಗೋಲಿನ ಹಗ್ಗಕ್ಕೆ ಕೈಹಾಕಿದ...

ಗೌರಾಬಾಯಿ ನಿಲ್ಲಿಸಿ ಕೈಮುಗಿದಳು. "ದಿಸ್ ಮಚ್ ಟುಡೇ, ಸರ್. ರೆಸ್ಟ್ ಟುಮಾರೋ."

ವರಾಂಡದಲ್ಲಿ ಕೂತವರೆಲ್ಲ ಕೈಮುಗಿದು ಎದ್ದರು, ಸೀರೆ ಧೋತರ ಕೊಡವಿಕೊಂಡರು. ಮಠದಲ್ಲಿ ಹೀಗೆಯೇ. ಅರ್ಥ ಹೇಳುವವರು ನಾಳೆಗೆ ಎಂದ ಮೇಲೆ ಯಾರೂ ಮುಂದೇನು ಎಂದು ಕೇಳುವುದಿಲ್ಲ. ಕೇಳಿದವರು ಒಬ್ಬರೇ, ಹೈದರಾಬಾದಿನವರು.

"ಆಮೇಲೆ?" ಎಂದರು ಸಾಹೇಬರು. "ಯಾರು ಕೂಗಿದ್ದು?"

"ಟುಮಾರೋ, ಸರ್."

ಸಾಹೇಬರು ತಮ್ಮ ಕೈಯಲ್ಲಿದ್ದ ಪುಸ್ತಕವನ್ನು ನೋಡಿಕೊಂಡರು. ತಾವು ಪರೀಕ್ಷೆ ಮಾಡಲು ಬಂದವರೆಂಬು‌ದು ಆಗ ನೆನಪಾಗಿರಬೇಕು. ಗಂಟಲು ಸರಿಮಾಡಿಕೊಂಡು, ಇನ್ನೊಂದು ಪ್ರಶ್ನೆ ಉಳಿದಿದೆ ಎಂದರು. ನಿಮ್ಮ ಮುಂದಿನ ಯೋಜನೆ ಏನು?

ಸಿಕಂದರ ಮತ್ತೆ ಕಿಟಕಿಯ ಕಡೆ ತಿರುಗಿದ. ಈ ಉತ್ತರ ಗೈಡಿನಲ್ಲಿದೆ, ಡಾಕ್ಟರು, ಹಳ್ಳಿ, ಬಡಜನ. ಅವಳಿಗೆ ಅದು ಕಿವಿಪಾಠ. ಹೇಳಿಬಿಟ್ಟರೆ ಮುಗಿಯಿತು.

ಅವಳು ಅದನ್ನು ಹೇಳಲಿಲ್ಲ. ಈ ಸಲ ಬೇವಿನ ಗಿಡದ ಕಡೆಗೂ ನೋಡಲಿಲ್ಲ. ಸಾಹೇಬರ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತ ಒಂದೊಂದೇ ಪದವನ್ನು ಆರಿಸಿ ಇಟ್ಟಳು.

"ಸ್ಮಾಲ್ ಗರ್ಲ್ ಟೈಮ್, ಅದರ್ ಮ್ಯಾನ್ ರೀಡ್, ಐ ಟೆಲ್. ನೌ ಸಿಕಂದರ ರೀಡ್, ಐ ಟೆಲ್. ಟುಡೇ ಯು ರೀಡ್, ಐ ಟೆಲ್. ಮೈ ಪ್ಲಾನ್, ಸರ್. ಒನ್ ಡೇ, ಐ ರೀಡ್. ಐ ಟೆಲ್. ಸೇಮ್ ಮೌತ್."

ಓದುವವಳೂ ತಾನೇ, ಅರ್ಥ ಹೇಳುವವಳೂ ತಾನೇ. ಎರಡೂ ಒಂದೇ ಬಾಯಿಂದ. ಸಿಕಂದರ ಗೋಡೆಗೆ ಅಂಟಿಕೊಂಡು ನಿಂತೇ ಇದ್ದ. ಅವಳು ಬೀಜಕ್ಕೆಂದು ತೆಗೆದಿಟ್ಟದ್ದು ಇದನ್ನೇ, ಮದುವೆಗೂ ಮುಂಚಿನಿಂದ, ಮಕ್ಕಳ ಮೂಗು ಒರೆಸುತ್ತ, ಮೆಟ್ರಿಕ್ಕಿನಲ್ಲಿ ಬೀಳುತ್ತ ಏಳುತ್ತ. ಅದನ್ನು ಯಾರಿಗೂ ಕಾಣದಂತೆ ತಮಾಷೆಯಲ್ಲಿ ಮುಚ್ಚಿಟ್ಟಿರಲಿಲ್ಲ; ಯಾರೂ ಕೇಳಿರಲಿಲ್ಲ, ಅಷ್ಟೇ. ಇಂಥದೊಂದು ಪ್ರಶ್ನೆಗೆ ಇಂಥದೊಂದು ಉತ್ತರವೂ ಇರಬಹುದೆಂದು ಅವನಿಗೆ ಯಾವ ಗೈಡೂ ಹೇಳಿರಲಿಲ್ಲ.

ಸಾಹೇಬರು ಹೊರಬಂದಾಗ ದೌಲತರಾಯರು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಸಾವ್ಕಾರರಾಗಿದ್ದರು. "ಏನೋ ಆತು ಸಾಹೇಬ್ರ, ಚಂದ ಆತು. ಆದರ ಅದು ಇಂಗ್ಲೀಷ್ ಅಲ್ಲಲ್ರಿ? ತಪ್ಪು ಭಾಳ ಇದ್ದವು ಅನಸ್ತದ. ಫೇಲ್ ಅಲ್ಲೇನು?"

"ತಪ್ಪು?" ಸಾಹೇಬರು ತಮ್ಮ ಹೈದರಾಬಾದಿ ಉರ್ದುವಿಗೆ ಇಳಿದರು. "ಬಹುತ್ ಥೇ, ಸೇಠ್ ಸಾಬ್. ಗಿನ್ನಾ ಭೂಲ್ ಗಯಾ ಮೈಂ." ಭಾಳ ಇದ್ದವು, ಎಣಿಸುವುದನ್ನೇ ಮರೆತೆ ಎಂದು ಹೇಳಿ, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ನಿಂತಲ್ಲೇ ಪಾಸು ಎಂದು ಬರೆದು ಸಹಿ ಹಾಕಿದರು. ಸಿಕಂದರನ ಹಾಳೆಯ ಮೇಲೆ ಏನು ಬರೆದಿದ್ದರು ಎಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಆ ಫಲಿತಾಂಶವನ್ನು ಆಮೇಲೆ ಟೈಪು ಮಾಡಿದವನೂ ಅವನೇ.

ದೌಲತರಾಯರು ಒಂದಷ್ಟು ಹೊತ್ತು ಮೀಸೆ ತಿರುವಿದರು. ಎಲ್ಲರೂ ಕೇಳಿರಿ ಎಂದು ತಾವೇ ಹೇಳಿದ್ದರು. ಈಗ ಎಲ್ಲರೂ ಅವರನ್ನೇ ನೋಡುತ್ತಿದ್ದರು. "ಹಂಗಾದ್ರ ಮಕ್ಕಳ ಚಡ್ಡಿ ಯಾರ್ ತೊಳಿತಾರ?" ಎಂದರು, ಯಾರಿಗೋ ಎಂಬಂತೆ.

"ಇನ್ನೊಬ್ಬಕಿನ್ನ ನೋಡ್ರಿ ಸಾವ್ಕಾರ್ರ," ಎಂದಳು ಹಮೀದಾಬೇಗಂ. "ಚಡ್ಡಿ ತೊಳ್ಯಾಕ ಸರ್ಟಿಫಿಕೇಟ್ ಬೇಕಾಗಿಲ್ಲಲ್ಲ?"

ನಗು ಎದ್ದಿತು. ಆ ನಗುವಿನಲ್ಲೇ ದೌಲತರಾಯರು ತಲೆಯಾಡಿಸಿದ್ದೂ ಆಗಿಹೋಯಿತು.

ಬಸ್ಸಿಗೆ ಹೊರಟ ಸಾಹೇಬರು ಗೇಟಿನ ತನಕ ಹೋದವರು ಕೊಡೆ ಊರಿಕೊಂಡು ವಾಪಸು ಬಂದರು. "ಗೌರಾಬಾಯಿ, ಸಚ್ ಬೋಲೋ," ಎಂದರು. ನಿಜ ಹೇಳಿ, ಆಚೆ ದಂಡೆಯಲ್ಲಿ ಕೂಗಿದ್ದು ಯಾರು, ಎಂದು ಉರ್ದುವಿನಲ್ಲೇ ಕೇಳಿದರು.

ಗೌರಾಬಾಯಿ ನಾಚಿದ್ದನ್ನು ಸಿಕಂದರ ನೋಡಿದ್ದು ಅದೇ ಮೊದಲು. "ನನಗೂ ಗೊತ್ತಿಲ್ಲರೀ," ಎಂದಳು. "ನಾಳಿಗಿ ಕುಂತಾಗ ಬರ್ತದದು. ಕುಂದ್ರೂಕಿಂತ ಮೊದಲ ಹೆಂಗ ಹೇಳ್ಲಿ?"

ಸಿಕಂದರ ಅದನ್ನು ಸಾಹೇಬರಿಗೆ ಉರ್ದುವಿನಲ್ಲಿ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದರ ಅರ್ಥ ತಾಗಿತು. ಅವಳು ಒಂದನ್ನೂ ಬಾಯಿಪಾಠ ಮಾಡಿರಲಿಲ್ಲ. ಹೊಳೆ, ಕಂದೀಲು, ಕೂಗು ಎಲ್ಲವೂ ಆ ಮೇಜಿನ ಮುಂದೆ, ಅದೇ ಗಳಿಗೆಯಲ್ಲಿ, ಬೇರೆಯವರ ಭಾಷೆಯಲ್ಲಿ ಹುಟ್ಟಿದ್ದವು. ಸಾಹೇಬರು ಕೈಮುಗಿದು ಹೋದರು.

ಸೋಮವಾರ ಗೌರಾಬಾಯಿ ಎಲ್‌ಕೆಜಿಗೆ ಹೋದಳು. ಆಫೀಸಿನಲ್ಲಿ ಸಿಕಂದರ ಕಾಗದ ಏರಿಸಿಕೊಂಡು ಕೂತಿದ್ದವನು ಬೆರಳಾಡಿಸದೆ ಕೇಳುತ್ತಿದ್ದ. ಪಕ್ಕದ ಕೋಣೆಯಲ್ಲಿ ಪುಸ್ತಕ ಬಿಡಿಸಿದ ಸದ್ದಾಯಿತು. ಮಕ್ಕಳ ಗಲಾಟೆ ಕಡಿಮೆಯಾಯಿತು. ಅವಳು ಓದಲು ಶುರುಮಾಡಿದಳು. ಒಂದು ಪದ. ಇನ್ನೊಂದು. ಮೂರನೆಯದರ ಹತ್ತಿರ ನಿಂತಳು.

ಬಹಳ ಹೊತ್ತು ನಿಂತಳು. ಸಿಕಂದರನಿಗೆ ಆ ಪದ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಎದ್ದು ಬಾಗಿಲಿಗೆ ಬಂದ. ಅವಳ ಬೆರಳು ಹಾಳೆಯ ಮೇಲಿತ್ತು, ತುಟಿ ಅಲುಗುತ್ತಿತ್ತು. ಅವನ ನೆರಳು ಕಂಡಿರಬೇಕು. ತಲೆಯೆತ್ತದೆ ಎಡಗೈಯನ್ನು ಅವನ ಕಡೆ ಅಡ್ಡ ಹಿಡಿದಳು. ಹೇಳಬೇಡ. ಅವನು ಹೊಸ್ತಿಲಲ್ಲೇ ನಿಂತ. ಪದ ಮೊದಲು ಸೊಟ್ಟಗೆ ಬಂತು. ಅವಳು ಅದನ್ನು ಬಿಟ್ಟಳು, ಮತ್ತೆ ಹಿಡಿದಳು. ಈ ಸಲ ನೆಟ್ಟಗೆ ಬಂತು. ಹಿಂದೆಯೇ, ಉಸಿರು ಬದಲಿಸದೆ, ಅದೇ ದನಿಯಲ್ಲಿ ಅದರ ಅರ್ಥವೂ ಬಂತು. ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದವು.

ಅವಳು ಬೆರಳನ್ನು ಮುಂದಿನ ಸಾಲಿಗೆ ಸರಿಸಿದಳು.